ಮುಸುರೆ ನೀರು ಎಲ್ಲಿಗೆ ಹೋಗುತ್ತದೆ?

ಕೊಟ್ಟೂರಿನಲ್ಲಿ ಬಿಸಿಲು ಇಳಿಯುತ್ತಿದ್ದಂತೆ ಮೆಣಸಿನಕಾಯಿ ಬಾಣಲೆಗಳು ಒಲೆಗೇರುತ್ತವೆ. ಕಡಲೆಹಿಟ್ಟಿನಲ್ಲಿ ಅದ್ದಿದ ಉದ್ದನೆಯ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಸದ್ದು, ಪಕ್ಕದಲ್ಲಿ ಮಂಡಕ್ಕಿ ಕಲಸುವ ಕೈ, ಕಾಯುತ್ತ ನಿಂತ ಜನ. ಹರಪನಹಳ್ಳಿಯ ಹೋಟೆಲುಗಳಲ್ಲಿ ನೆರೆಯ ದಾವಣಗೆರೆಯಿಂದ ಬಂದ ಬೆಣ್ಣೆ ದೋಸೆಯ ಘಮ. ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ ಲಾರಿಯವರಿಗೆ ಹೊತ್ತಲ್ಲದ ಹೊತ್ತಿನಲ್ಲೂ ಬಿಸಿ ಊಟ. ಹಡಗಲಿ, ಹಗರಿಬೊಮ್ಮನಹಳ್ಳಿಗಳಲ್ಲಿ ಬೆಳಗಿನ ಒಗ್ಗರಣೆ-ಮಿರ್ಚಿ, ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಹೊಸಪೇಟೆಯ ಜತೆ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯಾದ ಈ ಐದು ತಾಲ್ಲೂಕುಗಳ ಊಟದಲ್ಲಿ ಎಣ್ಣೆಯ ಪಾಲು ದೊಡ್ಡದು. ಶೇಂಗಾ ಬೆಳೆಯುವ ಸೀಮೆ. ಬಡಿಸುವ ಕೈ ಬಿಗಿಯಲ್ಲ.

ತಿಂದವರು ಕೈ ತೊಳೆದು ಎದ್ದ ಮೇಲೆ ತಟ್ಟೆ ಒಳಗೆ ಹೋಗುತ್ತದೆ. ಅಲ್ಲಿಂದಾಚೆಗೆ ಏನಾಗುತ್ತದೆ ಎಂಬುದನ್ನು ನಾವು ಬರೆಯುವುದೂ ಕಡಿಮೆ, ಓದುವುದೂ ಕಡಿಮೆ. ಒಂದು ತಟ್ಟೆಯಲ್ಲಿ ಅರ್ಧ ಟೀ ಚಮಚದಷ್ಟು, ಅಂದರೆ ಎರಡೂವರೆ ಮಿಲಿಲೀಟರ್ ಎಣ್ಣೆ ಉಳಿಯಿತು ಎಂದಿಟ್ಟುಕೊಳ್ಳಿ. ದಿನಕ್ಕೆ 300 ತಟ್ಟೆ ತೊಳೆಯುವ ಸಣ್ಣ ಹೋಟೆಲಿನಲ್ಲಿ ಅದು ಮುಕ್ಕಾಲು ಲೀಟರ್. ತಿಂಗಳಿಗೆ 22 ಲೀಟರ್ ದಾಟುತ್ತದೆ. 15 ಕಿಲೋ ಡಬ್ಬಿಯೊಂದನ್ನು ಒಡೆದು ಚರಂಡಿಗೆ ಸುರಿದದ್ದಕ್ಕಿಂತ ಹೆಚ್ಚು. ಬಾಣಲೆ ತೊಳೆದ ನೀರು, ದೋಸೆಹಿಟ್ಟಿನ ಪಾತ್ರೆ ಬಳಿದ ನೀರು, ಅನ್ನದ ಗಂಜಿ, ಸಾರಿನ ಗಸಿ ಈ ಲೆಕ್ಕಕ್ಕೆ ಬಂದಿಲ್ಲ. ಇಷ್ಟೂ ಹೋಟೆಲಿನ ಹಿಂದಿನ ನಾಲ್ಕಿಂಚು ಪೈಪಿನೊಳಗೆ ಇಳಿಯುತ್ತದೆ. ಒಂದು ಬೆಳಗ್ಗೆ, ಗಿರಾಕಿಗಳು ತುಂಬಿರುವ ಹೊತ್ತಿನಲ್ಲಿ, ಸಿಂಕಿನ ನೀರು ಇಳಿಯುವುದಿಲ್ಲ. ಬಚ್ಚಲಿನ ಮೋರಿಯಿಂದ ಕಪ್ಪು ನೀರು ಮೇಲೇರಿ ಅಡುಗೆಮನೆಯ ನೆಲಕ್ಕೆ ಬರುತ್ತದೆ. ಆಗ ಮಾಲೀಕರ ಬಾಯಲ್ಲಿ ಬರುವ ಮೊದಲ ಮಾತು: "ಯಾರ್ನಾದ್ರೂ ಕರಸ್ರಪಾ, ಚೇಂಬರ್ ಬಿಡಿಸ್ಬೇಕು."

ಆ 'ಯಾರಾದರೂ' ಬರುವ ಮುಂಚೆ ಮಾಡಬಹುದಾದ ಕೆಲಸ ಬಹಳ ಇದೆ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಪಾತ್ರೆ ತೊಳೆಯುವ ಕಟ್ಟೆಯ ಬಳಿ ಜಿಡ್ಡನ್ನು ತಡೆದು ನಿಲ್ಲಿಸಿದರೆ ಚೇಂಬರಿಗೆ ಮನುಷ್ಯನನ್ನು ಇಳಿಸುವ ಪ್ರಸಂಗವೇ ಬರುವುದಿಲ್ಲ.

ಹಿಂದಿನವರ ಅಡುಗೆಮನೆಯಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಅನ್ನದ ಗಂಜಿ, ಅಕ್ಕಿ ತೊಳೆದ ನೀರು, ತಟ್ಟೆಯಲ್ಲಿ ಉಳಿದ ಅನ್ನ-ಸಾರು ಎಲ್ಲ ಕಲಗಚ್ಚಾಗಿ ಎಮ್ಮೆಯ ಬಾನಿ ಸೇರುತ್ತಿತ್ತು. ಹೋಟೆಲುಗಳಿಂದಲೂ ದನ ಕಟ್ಟಿದವರು ಸಂಜೆ ಬಂದು ಕಲಗಚ್ಚು ಒಯ್ಯುತ್ತಿದ್ದರು. ಉಳಿದ ಜಿಡ್ಡನ್ನು ಒಲೆಯ ಬೂದಿ ಹೀರುತ್ತಿತ್ತು. ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದಾಗ ಎಣ್ಣೆ ಬೂದಿಗೆ ಅಂಟಿ ಮುದ್ದೆಯಾಗಿ ಹಿತ್ತಿಲ ಮಣ್ಣಿಗೆ ಬೀಳುತ್ತಿತ್ತು. ಈಗ ಸೌದೆ ಒಲೆ ಹೋಗಿ ಗ್ಯಾಸ್ ಬಂದಿದೆ, ಬೂದಿ ಇಲ್ಲ. ಪೇಟೆಯ ನಡುವೆ ಎಮ್ಮೆಯೂ ಇಲ್ಲ. ಪಾತ್ರೆ ತೊಳೆಯುವ ದ್ರವ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಸಾಗಿಸುತ್ತದೆ. ತಟ್ಟೆ ಫಳಫಳ ಹೊಳೆಯುತ್ತದೆ, ಆದರೆ ಎಣ್ಣೆ ಎಲ್ಲಿಗೂ ಮಾಯವಾಗಿಲ್ಲ. ಹತ್ತಿಪ್ಪತ್ತು ಅಡಿ ಮುಂದೆ, ನೀರು ತಣ್ಣಗಾಗಿ ಸೋಪಿನ ಶಕ್ತಿ ಕುಂದಿದ ಕಡೆ, ಆ ಹನಿಗಳು ಮತ್ತೆ ಒಂದಾಗಿ ಪೈಪಿನ ಗೋಡೆ ಹಿಡಿಯುತ್ತವೆ.

ಎಲ್ಲ ಜಿಡ್ಡೂ ಒಂದೇ ರೀತಿ ವರ್ತಿಸುವುದಿಲ್ಲ. ಶೇಂಗಾ ಎಣ್ಣೆ ನಮ್ಮ ಹವೆಯಲ್ಲಿ ಗಟ್ಟಿಯಾಗುವುದಿಲ್ಲ. ಆದರೆ ದಿನಗಟ್ಟಲೆ ಕಾದ ಬಾಣಲೆ ಎಣ್ಣೆ ಗೋಂದಿನ ಹಾಗೆ ಅಂಟುತ್ತದೆ. ವನಸ್ಪತಿ ಕರಗುವುದು 31ರಿಂದ 41 ಡಿಗ್ರಿ ಸೆಲ್ಸಿಯಸ್ ನಡುವೆ. ಬೆಣ್ಣೆಯ ಕೊಬ್ಬು ಹೆಚ್ಚುಕಡಿಮೆ ಮೂವತ್ತರ ಮೇಲೆ ಎರಡು-ಮೂರು ಡಿಗ್ರಿಯಲ್ಲಿ. ಮಾರ್ಗಶಿರ-ಪುಷ್ಯದ ಚಳಿಯಲ್ಲಿ ನೆಲದೊಳಗಿನ ಪೈಪು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬೆಣ್ಣೆ ದೋಸೆ, ಸಿಹಿತಿನಿಸು ಮಾಡುವ ಹೋಟೆಲುಗಳ ಮೋರಿ ಚಳಿಗಾಲದಲ್ಲೇ ಹೆಚ್ಚು ಕಟ್ಟುವುದಕ್ಕೆ ಇದೇ ಕಾರಣ. ಅದಕ್ಕೆ ಕಡಲೆಹಿಟ್ಟು, ದೋಸೆಹಿಟ್ಟು ಸೇರಿತೆಂದರೆ ಜಿಡ್ಡಿಗೆ ಗಾರೆಯ ಗಟ್ಟಿತನ ಬರುತ್ತದೆ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಕೊಳವೆಬಾವಿಯ ನೀರು ಗಡಸು. ತಪ್ಪಲೆಯ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಅದೇ ಸುಣ್ಣದ ಅಂಶ ಮೋರಿಯಲ್ಲೂ ಕೆಲಸ ಮಾಡುತ್ತದೆ. ಮೋರಿಯೊಳಗಿನ ಜಿಡ್ಡಿನ ಗಡ್ಡೆ ಬರೀ ಹೆಪ್ಪುಗಟ್ಟಿದ ಎಣ್ಣೆ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೋಯೆಲ್ ಡುಕೊಸ್ಟ್ ಅವರ ತಂಡ ಅದನ್ನು ಪರೀಕ್ಷಿಸಿ, ಅದರ ಬಹುಭಾಗ ಒಂದು ಬಗೆಯ ಸಾಬೂನು ಎಂದು ತೋರಿಸಿತು. ಎಣ್ಣೆ ಒಡೆದಾಗ ಬರುವ ಕೊಬ್ಬಿನಾಮ್ಲವೂ ಕ್ಯಾಲ್ಸಿಯಮ್ಮೂ ಕೂಡಿ ನೀರಿನಲ್ಲಿ ಕರಗದ ಸಾಬೂನಾಗುತ್ತದೆ. ಕ್ಯಾಲ್ಸಿಯಂ ನೀರಿನಿಂದಲೂ ಬರುತ್ತದೆ, ಸಿಮೆಂಟಿನ ಚೇಂಬರಿನ ಗೋಡೆಯಿಂದಲೂ ಬರುತ್ತದೆ. ಕಬ್ಬಿಣದ ಸಲಾಕೆಯಿಂದ ಕುಟ್ಟಿದರೂ ಬಿಡದ ಆ ಹಳದಿ-ಬೂದು ಗಡ್ಡೆಯ ಗುಟ್ಟು ಇದು.

ದೊಡ್ಡ ನಗರಗಳಲ್ಲಿ ಇದೇ ವಸ್ತು ಭಯಂಕರ ರೂಪ ತಾಳುತ್ತದೆ. 2017ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವೈಟ್‌ಚಾಪೆಲ್ ರಸ್ತೆಯ ಕೆಳಗೆ ಸಿಕ್ಕಿದ ಜಿಡ್ಡಿನ ಹೆಬ್ಬಂಡೆ 250 ಮೀಟರ್ ಉದ್ದ, 130 ಟನ್ ತೂಕವಿತ್ತು. ತೆಗೆಯಲು ವಾರಗಟ್ಟಲೆ ಹಿಡಿಯಿತು. ಅದರದೊಂದು ತುಂಡನ್ನು ಅಲ್ಲಿನ ವಸ್ತುಸಂಗ್ರಹಾಲಯ ಮರುವರ್ಷ ಪ್ರದರ್ಶನಕ್ಕಿಟ್ಟಿತು. ನಮ್ಮ ಊರುಗಳ ಚರಂಡಿ ಅಷ್ಟು ಆಳದ್ದೂ ಅಲ್ಲ, ಅಷ್ಟು ಉದ್ದದ್ದೂ ಅಲ್ಲ. ಸಣ್ಣ ಹೋಟೆಲಿನ ನೀರು ಒಂದೋ ರಸ್ತೆ ಬದಿಯ ತೆರೆದ ಚರಂಡಿಗೆ ಬೀಳುತ್ತದೆ, ಇಲ್ಲವೇ ಹಿತ್ತಿಲಿನ ಗುಂಡಿಗೆ. ಎರಡು ಕಡೆಯೂ ಜಿಡ್ಡು ಕೇಡೇ. ತೆರೆದ ಚರಂಡಿಯಲ್ಲಿ ಅದು ಪ್ಲಾಸ್ಟಿಕ್ ಹಾಳೆ, ಟೀ ಕಪ್ಪುಗಳನ್ನು ಹಿಡಿದು ಅಣೆಕಟ್ಟು ಕಟ್ಟುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಮೇಲೆ ದಪ್ಪ ಪದರವಾಗಿ ಕೂರುತ್ತದೆ, ಅಲ್ಲಿಂದ ಇಂಗುಗುಂಡಿಗೆ ದಾಟಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಮೊದಲೇ ಗರಸು ನೆಲ, ಕೆಳಗೆ ಬಂಡೆ. ಒಮ್ಮೆ ಜಿಡ್ಡು ಕುಡಿದ ಇಂಗುಗುಂಡಿ ಮತ್ತೆ ನೀರು ಕುಡಿಯುವುದಿಲ್ಲ.

ಹೀಗೆ ಕಟ್ಟಿದ ಗುಂಡಿಗೆ ಮನುಷ್ಯ ಇಳಿದರೆ ಏನಾಗುತ್ತದೆ ಎಂಬುದನ್ನು ಒಂದು ಹೋಟೆಲಿನ ಘಟನೆಯೇ ಹೇಳುತ್ತದೆ. 2019ರ ಜೂನ್ 14ರ ರಾತ್ರಿ, ಗುಜರಾತಿನ ವಡೋದರಾ ಜಿಲ್ಲೆಯ ಡಭೋಯಿ ಬಳಿಯ ಫರ್ತಿಕುಯಿ ಗ್ರಾಮದಲ್ಲಿ ಹೋಟೆಲೊಂದರ ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸಲು ಕಾರ್ಮಿಕರನ್ನು ಕರೆಸಲಾಯಿತು. ಮೊದಲು ಇಳಿದವರು ಮೇಲೆ ಬರಲಿಲ್ಲ. ನೋಡಲು ಹೋದವರೂ ಬರಲಿಲ್ಲ. ಸತ್ತವರು ಏಳು ಮಂದಿ: ನಾಲ್ವರು ಸ್ವಚ್ಛತಾ ಕಾರ್ಮಿಕರು, ಮೂವರು ಅದೇ ಹೋಟೆಲಿನ ನೌಕರರು. ಆ ಮೂವರು ಜೊತೆಯವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟರು. ಇಂಥ ಸಾವುಗಳ ಸುದ್ದಿಯಲ್ಲಿ ಈ ಸರಪಳಿ ಮತ್ತೆ ಮತ್ತೆ ಕಾಣಿಸುತ್ತದೆ. ಒಬ್ಬ ಬಿದ್ದ, ಅಣ್ಣ ಇಳಿದ, ಅಣ್ಣನ ಹಿಂದೆ ಗೆಳೆಯ.

ಕೊಲ್ಲುವುದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಗಾಳಿಯಾಡದ ಕೊಚ್ಚೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂರುತ್ತದೆ. ಮೇಲಿನ ಜಿಡ್ಡಿನ ಪದರ ಮುಚ್ಚಳದಂತೆ ಅದನ್ನು ಹಿಡಿದಿಟ್ಟಿರುತ್ತದೆ. ಸಲಾಕೆ ಹಾಕಿ ಕಲಕಿದ ಕ್ಷಣ ಒಮ್ಮೆಲೇ ಹೊರಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗವೂ ಇಲ್ಲದಿರುವಾಗಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹತ್ತುತ್ತದೆ. ಆದರೆ 100 ಭಾಗದ ಹತ್ತಿರ ಬಂದಾಗ ಮೂಗು ಸತ್ತುಹೋಗುತ್ತದೆ, ವಾಸನೆ ನಿಂತಂತಾಗುತ್ತದೆ. ಗುಂಡಿಯೊಳಗಿನವನು ಗಾಳಿ ತಿಳಿಯಾಯಿತೆಂದು ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. 700-1,000 ಭಾಗಕ್ಕೆ ಹೋದರೆ ನಾಲ್ಕಾರು ಉಸಿರಿನಲ್ಲಿ ಕುಸಿಯುತ್ತಾನೆ. ಹಳೆಯ ಬಾವಿಗಳಿಗೆ ಮಾಡುವಂತೆ ದೀಪ ಇಳಿಬಿಟ್ಟು ನೋಡುವ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದೀಪ ಉರಿಯುತ್ತಿರುವಾಗಲೂ ಮನುಷ್ಯನನ್ನು ಕೊಲ್ಲುವಷ್ಟು ವಿಷ ಅಲ್ಲಿರಬಹುದು. ಮೀಥೇನ್ ಇದ್ದರೆ ಆ ದೀಪವೇ ಬೆಂಕಿಯಾಗುತ್ತದೆ. ಒಂದು ಗುಟುಕು ಸಾರಾಯಿ ಕೊಟ್ಟು ಇಳಿಸುವ ಪದ್ಧತಿಯಂತೂ ಕೊಲೆಗೆ ಸಮಾನ. ಮೈಮೇಲೆ ಎಚ್ಚರವಿರಬೇಕಾದವನ ಎಚ್ಚರ ಕಸಿದು ಕಳುಹಿಸುವ ಕೆಲಸ ಅದು.

ಕಾನೂನು ಇಲ್ಲಿ ಮಾಲೀಕನನ್ನೇ ನೇರವಾಗಿ ಹಿಡಿಯುತ್ತದೆ. ಇದನ್ನು ಎಷ್ಟು ಹೋಟೆಲಿನವರು ಬಲ್ಲರೋ! ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ 7ನೇ ಕಲಂ ಪ್ರಕಾರ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ ಒಳಚರಂಡಿ ಇಲ್ಲವೇ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿತ್ವಕ್ಕೆ ಯಾರನ್ನೂ ನೇಮಿಸುವಂತಿಲ್ಲ, ನೇರವಾಗಿಯೂ ಅಲ್ಲ, ಮಧ್ಯವರ್ತಿಯ ಮೂಲಕವೂ ಅಲ್ಲ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಅಪರಾಧ ಜಾಮೀನುರಹಿತ. "ನಾನು ಹೇಳಿದ್ದು ಮೇಸ್ತ್ರಿಗೆ, ಅವನು ಯಾರನ್ನ ಕರಕೊಂಡು ಬಂದನೋ ಗೊತ್ತಿಲ್ಲ" ಎಂಬ ಸಬೂಬು ನಡೆಯುವುದಿಲ್ಲ. ಒಳಚರಂಡಿ ಸಾವಿಗೆ ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಹತ್ತು ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ. 1970ರ ದಶಕದಲ್ಲಿ, ದೇಶದ ಕಾಯ್ದೆ ಬರುವುದಕ್ಕೆ ಎಷ್ಟೋ ಮೊದಲು, ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಹಾಗಿದ್ದೂ 2010ರ ಜುಲೈನಲ್ಲಿ, ನಮ್ಮ ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಭಂಗಿ ಸಮುದಾಯದವರು ಪುರಸಭೆಯ ಎದುರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ತಲೆಮಾರುಗಳಿಂದ ಊರಿನ ಹೊಲಸು ಬಳಿದವರನ್ನು ಇದ್ದ ಜಾಗದಿಂದಲೇ ಒಕ್ಕಲೆಬ್ಬಿಸಲು ಹೊರಟಿದ್ದರು. ಹೋಟೆಲಿನ ಚೇಂಬರ್ ಕಟ್ಟಿದಾಗ ನಾವು ಯಾರ ಕೇರಿಗೆ ಆಳನ್ನು ಕಳಿಸುತ್ತೇವೆ ಎಂದು ಕೇಳಿಕೊಂಡರೆ ಆ ದಿನದ ಪ್ರಶ್ನೆ ಇನ್ನೂ ಮುಗಿದಿಲ್ಲ ಎಂದು ತಿಳಿಯುತ್ತದೆ. ಪರಿಶಿಷ್ಟ ಜಾತಿಯವರನ್ನು ಮಲ ಬಳಿಯುವ ಕೆಲಸಕ್ಕೆ ಹಚ್ಚುವುದು ದೌರ್ಜನ್ಯ ತಡೆ ಕಾಯ್ದೆಯಡಿಯೂ ಅಪರಾಧ.

ಇನ್ನು ಪರಿಹಾರಕ್ಕೆ ಬರೋಣ. ಕಷ್ಟದ್ದೇನಲ್ಲ. ಕಾಯಿಸಿದ ಹಾಲನ್ನು ಅಲುಗಾಡಿಸದೆ ಇಟ್ಟರೆ ಕೆನೆ ತಾನಾಗಿ ಮೇಲೆ ಬರುತ್ತದಲ್ಲ, ಗ್ರೀಸ್ ಟ್ರ್ಯಾಪ್ ಎಂಬ ಜಿಡ್ಡಿನ ತೊಟ್ಟಿ ಮಾಡುವುದು ಅಷ್ಟೇ. ಎಣ್ಣೆಯ ಸಾಂದ್ರತೆ ನೀರಿನ ಹತ್ತರಲ್ಲಿ ಒಂಬತ್ತು ಪಾಲು. ಮುಸುರೆ ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತಣ್ಣಗಾಗಿಸಿದರೆ ಜಿಡ್ಡು ತೇಲುತ್ತದೆ, ಅನ್ನದಗುಳು-ಹಿಟ್ಟು ತಳಕ್ಕೆ ಕೂರುತ್ತವೆ, ನಡುವಿನ ನೀರನ್ನಷ್ಟೇ ಮುಂದೆ ಬಿಡಬಹುದು. 1884ರಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಆಗಿದೆ. ಅಂದಿನಿಂದ ತತ್ವ ಬದಲಾಗಿಲ್ಲ. ಸ್ಟೀಲಿನ ಸಿದ್ಧ ಪೆಟ್ಟಿಗೆಗಳು ಪೇಟೆಯಲ್ಲಿ ಸಿಗುತ್ತವೆ. ಆದರೆ ನಮ್ಮ ಊರಿನ ಗಾರೆ ಕೆಲಸದವರು ಇಟ್ಟಿಗೆ-ಸಿಮೆಂಟಿನಲ್ಲೇ ಕಟ್ಟಿಕೊಡಬಲ್ಲ ತೊಟ್ಟಿ ಅದು, ಮತ್ತು ಸಣ್ಣ ಹೋಟೆಲಿಗೆ ಅದೇ ಮೇಲು ಎಂದು ನನ್ನ ಅಭಿಪ್ರಾಯ.

ಒಳಗಿನ ಅಳತೆ ಮೂರಡಿ ಉದ್ದ, ಎರಡಡಿ ಅಗಲ, ನೀರು ನಿಲ್ಲುವ ಆಳ ಎರಡೂವರೆ ಅಡಿ ಇಟ್ಟುಕೊಂಡರೆ ಹದಿನೈದು ಘನ ಅಡಿ, ಅಂದರೆ ಸುಮಾರು 425 ಲೀಟರ್ ಹಿಡಿಯುತ್ತದೆ. ಗಿರಾಕಿ ಜೋರಿರುವ ಒಂದು ಗಂಟೆಯಲ್ಲಿ 600 ಲೀಟರ್ ಬಳಸುವ ಹೋಟೆಲಿನ ನೀರು ಇದರಲ್ಲಿ ನಲವತ್ತು ನಿಮಿಷ ತಂಗುತ್ತದೆ. ಅರ್ಧ ಗಂಟೆ ತಂಗಿದರೆ ಜಿಡ್ಡು ಬೇರ್ಪಡಲು ಸಾಕು. ತೊಟ್ಟಿಯ ನಡುವೆ ಅಡ್ಡಗೋಡೆಯೊಂದನ್ನು ಕಟ್ಟಿ ಅದರ ಬುಡದಿಂದ ಅರ್ಧ ಅಡಿ ಮೇಲೆ ಕಿಂಡಿ ಬಿಡಬೇಕು. ಸಿಂಕಿನ ನೀರು ಮೊದಲ ಮನೆಗೆ ಬೀಳುವ ಮುನ್ನ ಜಾಲರಿ ಬುಟ್ಟಿಯೊಳಗಿಂದ ಹಾಯಬೇಕು. ಬರುವ ಪೈಪಿನ ಬಾಯಿಗೆ ಕೆಳಮುಖದ ಬೆಂಡ್ ಹಾಕಿ ನೀರಿನೊಳಗೆ ಮುಳುಗಿಸಿದರೆ ನೀರು ರಭಸದಿಂದ ಬಿದ್ದು ಜಿಡ್ಡನ್ನು ಕಲಕುವುದಿಲ್ಲ. ಹೊರಹೋಗುವ ಕಡೆ 'ಟಿ' ಆಕಾರದ ಪೈಪ್ ಇಟ್ಟು ಅದರ ಕೆಳಬಾಯಿಯನ್ನು ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗೆ ಇಳಿಸಬೇಕು. ತೇಲುವ ಜಿಡ್ಡಿಗೆ ಆ ದಾರಿ ಸಿಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ ತೊಟ್ಟಿ ಆಳವಾಗಬಾರದು. ಹೊರಗೆ ನಿಂತು ಉದ್ದ ಹಿಡಿಯ ಸೌಟಿನಿಂದ ತಳ ಮುಟ್ಟುವಂತಿದ್ದರೆ ಯಾರೂ ಯಾವ ಕಾಲಕ್ಕೂ ಅದರೊಳಗೆ ಇಳಿಯಬೇಕಾಗುವುದಿಲ್ಲ. ಒಬ್ಬರೇ ಎತ್ತಬಲ್ಲ ಮುಚ್ಚಳ ಹಾಕಿ. ಭಾರದ ಕಡಪ ಕಲ್ಲು ಹಾಕಿದರೆ ಒಂದು ತಿಂಗಳು ತೆಗೆಯುತ್ತಾರೆ, ಆಮೇಲೆ ಮರೆಯುತ್ತಾರೆ.

ಶೌಚಾಲಯದ ಪೈಪನ್ನು ಈ ತೊಟ್ಟಿಗೆ ಕೂಡಿಸಲೇಬಾರದು. ಮಳೆನೀರನ್ನೂ ಬಿಡಬಾರದು, ಒಂದು ಜೋರು ಮಳೆ ಕೂಡಿಟ್ಟ ಜಿಡ್ಡನ್ನೆಲ್ಲ ಚರಂಡಿಗೆ ತಳ್ಳಿಬಿಡುತ್ತದೆ. ತೊಟ್ಟಿಯಿಂದ ಮುಂದಿನ ನಾಲ್ಕಿಂಚು ಪೈಪಿಗೆ ಹತ್ತು ಅಡಿಗೆ ಎರಡರಿಂದ ಮೂರು ಇಂಚು ಇಳಿಜಾರು ಬೇಕು. ನೇರ ಮೂಲೆಯ ತಿರುವಿನ ಬದಲು ಓರೆ ತಿರುವು ಕೊಟ್ಟು, ತಿರುವಿನ ಬಳಿ ಬಿಚ್ಚುವ ಮುಚ್ಚಳ ಇಡಿಸಿ. ಕಟ್ಟಿಕೊಂಡ ದಿನ ಅಲ್ಲಿಂದ ಸ್ಪ್ರಿಂಗ್ ಕಂಬಿಯನ್ನೋ ಬಿದಿರಿನ ದಬ್ಬೆಯನ್ನೋ ಹೊರಗಿನಿಂದಲೇ ತೂರಿಸಬಹುದು.

ತೊಟ್ಟಿ ಕಟ್ಟಿಸಿದವರ ಪೈಕಿ ಕೈಬಿಡುವವರೇ ಹೆಚ್ಚು, ಏಕೆಂದರೆ ಅದನ್ನು ತೆರೆದು ನೋಡುವ ಕೆಲಸ ಯಾರ ಪಾಲಿಗೂ ಇರುವುದಿಲ್ಲ. ತೇಲುವ ಜಿಡ್ಡು, ತಳದ ಕೆಸರು ಎರಡೂ ಸೇರಿ ಆಳದ ಕಾಲುಭಾಗ ತುಂಬಿದರೆ ತೊಟ್ಟಿ ಕೆಲಸ ನಿಲ್ಲಿಸುತ್ತದೆ. ಎರಡೂವರೆ ಅಡಿ ಆಳಕ್ಕೆ ಅದು ಏಳೂವರೆ ಇಂಚು. ಒಂದು ಕೋಲಿಗೆ ಗುರುತು ಹಾಕಿ ಇಳಿಸಿ ನೋಡಿದರೆ ತಿಳಿಯುತ್ತದೆ. ಕರಿದ ತಿಂಡಿಯೇ ಹೆಚ್ಚಿರುವ ಹೋಟೆಲಿನಲ್ಲಿ ಎರಡು ದಿನಕ್ಕೊಮ್ಮೆ ಮೇಲಿನ ಪದರ ತೆಗೆದು, ವಾರಕ್ಕೊಮ್ಮೆ ಪೂರ್ತಿ ಬಳಿದು ತೊಳೆಯುವುದು ಒಳ್ಳೆಯದು. ಅಂಗಡಿ ತೆರೆಯುವ ಮುನ್ನ, ಬೆಳಗಿನ ತಂಪಿನಲ್ಲಿ ಮಾಡಿದರೆ ಜಿಡ್ಡು ಗಟ್ಟಿಯಾಗಿದ್ದು ಸುಲಭವಾಗಿ ಬರುತ್ತದೆ. ರಬ್ಬರ್ ಕೈಗವಸು ಕೊಡಿ. ಬಹುದಿನ ಮುಚ್ಚಿದ್ದ ತೊಟ್ಟಿಯಾದರೆ ಮುಚ್ಚಳ ತೆಗೆದು ದೂರ ಸರಿದು ಸ್ವಲ್ಪ ಹೊತ್ತು ಬಿಡಿ. ಬೀಡಿ, ಬೆಂಕಿ ಹತ್ತಿರ ಬೇಡ.

ಇಲ್ಲಿ ಮುಸುರೆ ತಿಕ್ಕುವವರ ಮಾತು ಬರಬೇಕು. ಬಹುಪಾಲು ಹೋಟೆಲುಗಳಲ್ಲಿ ಈ ಕೆಲಸ ಹೆಣ್ಣುಮಕ್ಕಳದು. ಬಗ್ಗಿದ ಬೆನ್ನು ನೆಟ್ಟಗಾಗುವ ಮೊದಲೇ ಇನ್ನೊಂದು ರಾಶಿ ತಟ್ಟೆ ಬಂದು ಬೀಳುತ್ತದೆ. ತಟ್ಟೆಯನ್ನು ನೀರಿಗೆ ಹಾಕುವ ಮೊದಲು ಒರೆಸಿದರೆ ಚರಂಡಿಗೆ ಹೋಗುವ ಜಿಡ್ಡು ಬಹಳ ತಗ್ಗುತ್ತದೆ, ಆದರೆ ಒರೆಸಲು ಹೊತ್ತು ಬೇಕು, ಕೈ ಬೇಕು. ಜನ ಹೆಚ್ಚಿರುವ ಎರಡು ಗಂಟೆಗೆ ಇನ್ನೊಬ್ಬರನ್ನು ಜತೆಗಿಡುವ ಖರ್ಚು ಮೋರಿ ಬಿಡಿಸುವ ಖರ್ಚಿಗಿಂತ ಕಡಿಮೆ ಎಂದೇ ನಾನು ತಿಳಿದಿದ್ದೇನೆ. ತಿಂಡಿ ಕಟ್ಟಲು ಹಳೆ ಪತ್ರಿಕೆ ಬೇಡ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿದೆ. ಅದೇ ಪತ್ರಿಕೆಯ ಹಾಳೆ ತಟ್ಟೆ, ಬಾಣಲೆ ಒರೆಸಲು ಚೆನ್ನಾಗಿ ಒದಗುತ್ತದೆ. ಎಣ್ಣೆ ಹೀರಿದ ಹಾಳೆ ಒಣ ಬುಟ್ಟಿಗೆ ಹೋಗಲಿ.

ಕಟ್ಟಿಕೊಂಡ ಮೇಲೆ ಮಾಡುವ ಕೆಲವು ಉಪಾಯಗಳು ಉಪಾಯವೇ ಅಲ್ಲ. ಕುದಿಯುವ ನೀರು ಸುರಿದರೆ ಜಿಡ್ಡು ಕರಗಿದಂತೆ ಕಾಣುತ್ತದೆ, ಮುಂದೆ ಹೋಗಿ ನೆರೆಯವರ ಅಂಗಡಿ ಮುಂದೆ ಗಟ್ಟಿಯಾಗುತ್ತದೆ. ಕಾಸ್ಟಿಕ್ ಸೋಡಾ ಎಣ್ಣೆಯನ್ನು ಸಾಬೂನು ಮಾಡುತ್ತದೆ. ನಮ್ಮ ಗಡಸು ನೀರಿನಲ್ಲಿ ಆ ಸಾಬೂನು ಮತ್ತೆ ಗಡ್ಡೆ ಕಟ್ಟುತ್ತದೆ. ಆ್ಯಸಿಡ್ ಹಾಕುವುದು ಇದೆಲ್ಲಕ್ಕಿಂತ ಅಪಾಯ. ಸಿಮೆಂಟನ್ನು ತಿನ್ನುವುದಿರಲಿ, ಕೊಚ್ಚೆಯೊಳಗಿನ ಸಲ್ಫೈಡಿಗೆ ತಗುಲಿ ಅದೇ ವಿಷಾನಿಲವನ್ನು ಹೊರಡಿಸುತ್ತದೆ. ಬ್ಲೀಚಿಂಗ್ ಪುಡಿಯ ಜತೆ ಸೇರಿದರೆ ಕ್ಲೋರಿನ್ ಏಳುತ್ತದೆ. ಕಿಟಕಿಯಿಲ್ಲದ ಹಿಂಬದಿಯ ಅಡುಗೆಮನೆಯಲ್ಲಿ ಇದನ್ನು ಮಾಡುವುದು ಪಾತ್ರೆ ತೊಳೆಯುವವರ ಶ್ವಾಸಕೋಶಕ್ಕೆ ವಿಷ ಊದಿದಂತೆ.

ತೊಟ್ಟಿಯಿಂದ ತೆಗೆದ ಜಿಡ್ಡನ್ನು ಎಲ್ಲಿ ಹಾಕಬೇಕು? ರಾತ್ರಿ ಹೊತ್ತು ಎದುರಿನ ಚರಂಡಿಗೆ ಸುರಿದರೆ ತೊಟ್ಟಿ ಕಟ್ಟಿಸಿದ್ದೇ ದಂಡ. ಹೊಟ್ಟು, ಮರದ ಪುಡಿ ಅಥವಾ ಬೂದಿಯಲ್ಲಿ ಕಲಸಿ, ನೀರು ಬಸಿದು, ಚೀಲಕ್ಕೆ ತುಂಬಿ ಕಸದ ವಾಹನದವರಿಗೆ ತಿಳಿಸಿಯೇ ಕೊಡಬೇಕು. ಬಾಣಲೆಯಲ್ಲಿ ಉಳಿದ ಎಣ್ಣೆಯ ದಾರಿ ಬೇರೆ. ಕರಿದ ಎಣ್ಣೆಯಲ್ಲಿ ಹಾನಿಕರ ಸಂಯುಕ್ತಗಳು ಶೇ 25ರ ಗಡಿ ದಾಟಿದರೆ ಅದರಲ್ಲಿ ಅಡುಗೆ ಮಾಡುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ 'ರೂಕೊ' ಯೋಜನೆಯನ್ನೂ ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ತಂದಿತು. ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತ ಸಂಗ್ರಾಹಕರಿಗೆ ಮಾರಿದರೆ ನಾಲ್ಕು ಕಾಸೂ ಬರುತ್ತದೆ. ಬೀದಿ ಬದಿಯ ಬಂಡಿಗಳಿಗೆ ಅಗ್ಗದ ದರದಲ್ಲಿ ಕೊಟ್ಟರೆ ಅದು ಬಡ ಗಿರಾಕಿಯ ಹೊಟ್ಟೆ ಸೇರುತ್ತದೆ.

ಇಷ್ಟನ್ನೂ ಹೋಟೆಲಿನವರ ಮೇಲೆಯೇ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗಳು ವರ್ಷವರ್ಷ ಉದ್ದಿಮೆ ಪರವಾನಗಿ ಕೊಡುತ್ತವೆ. ಶುಲ್ಕ ಕಟ್ಟಿಸಿಕೊಂಡು ರಸೀದಿ ಹರಿಯುವ ಮುನ್ನ ಹಿಂದಿನ ಬಾಗಿಲಿಗೆ ಹೋಗಿ ಜಿಡ್ಡಿನ ತೊಟ್ಟಿ ಇದೆಯೇ ಎಂದು ನೋಡುವ ರೂಢಿ ಬರಬೇಕು. ಬಾಡಿಗೆ ಕಟ್ಟಡದಲ್ಲಿ ಹೋಟೆಲ್ ನಡೆಸುವವರಿಗೆ ನೆಲ ಅಗೆಯಲು ಕಟ್ಟಡದ ಮಾಲೀಕರು ಬಿಡುವುದಿಲ್ಲ. ಅಲ್ಲಿ ಸಿಂಕಿನ ಕೆಳಗಿನ ಸಣ್ಣ ಪೆಟ್ಟಿಗೆಯನ್ನಾದರೂ ಒಪ್ಪಿಕೊಂಡು, ನಾಲ್ಕೈದು ಅಂಗಡಿಗಳಿಗೆ ಸೇರಿ ಒಂದು ತೊಟ್ಟಿ ಕಟ್ಟಲು ಸ್ಥಳೀಯ ಸಂಸ್ಥೆಯೇ ಮುಂದಾಗಬಹುದು. ಸಕ್ಕಿಂಗ್ ವಾಹನ ಕರೆದ ದಿನವೇ ಬರುವಂತಿರಬೇಕು. ಅದು ಬರುವುದು ಮೂರು ದಿನ ತಡವಾದರೆ ಆ ಮೂರು ದಿನದಲ್ಲಿ ಯಾರೋ ಒಬ್ಬರು ಗುಂಡಿಗೆ ಇಳಿಯುತ್ತಾರೆ. ಹೀರಿದ ಹೊಲಸನ್ನು ಹಳ್ಳಕ್ಕೆ ಬಿಡುವಂತೆಯೂ ಆಗಬಾರದು. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಿಂದಲೇ ಗುಂಡಿಗಳ ಹೊಲಸನ್ನು ಸಂಸ್ಕರಿಸುವ ಘಟಕ ನಡೆದಿದೆ. ಪಟ್ಟಣವೊಂದಕ್ಕೆಂದು ಕಟ್ಟಿದ ಅಂಥ ಘಟಕಗಳಲ್ಲಿ ಅದು ದೇಶಕ್ಕೇ ಮೊದಲನೆಯದು. ದಿನಕ್ಕೆ ಆರು ಸಾವಿರ ಲೀಟರ್ ಅದರ ಸಾಮರ್ಥ್ಯ. ನಮ್ಮ ತಾಲ್ಲೂಕು ಕೇಂದ್ರಗಳ ಅಳತೆಗೆ ಹೊಂದುವ ಮಾದರಿ.

ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆ ಬೆಲೆ ತೆತ್ತಿದೆ. 2021ರಲ್ಲಿ, ಜಿಲ್ಲೆ ಹುಟ್ಟಿದ ಹೊತ್ತಿನಲ್ಲೇ, ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಜನ ತೀರಿಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು. ಅದಕ್ಕೂ ಹೋಟೆಲುಗಳಿಗೂ ಸಂಬಂಧವಿಲ್ಲ. ಆದರೆ ಕುಡಿಯುವ ನೀರಿನ ಪೈಪು ಚರಂಡಿಯ ಮಗ್ಗುಲಲ್ಲೇ, ಕೆಲವೆಡೆ ಚರಂಡಿಯ ಒಳಗೇ ಹಾಯುವ ಊರುಗಳಲ್ಲಿ, ಕಟ್ಟಿನಿಂತ ಕೊಳಚೆ ಮತ್ತು ಬಿರುಕುಬಿಟ್ಟ ಪೈಪು ಎರಡೂ ಕೂಡಿದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಚರಂಡಿಯ ನೀರು ಕೊನೆಗೆ ಹಳ್ಳ-ಕೆರೆಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಪಕ್ಷಿಧಾಮ 2024ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿದ್ದನ್ನು ನಾವೆಲ್ಲ ಸಂಭ್ರಮಿಸಿದೆವು. ಕೆರೆಯ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿದರೆ ಗಾಳಿ ಒಳಗಿಳಿಯುವುದಿಲ್ಲ, ಮೀನು ಉಳಿಯುವುದಿಲ್ಲ, ಹಕ್ಕಿಯೂ ಬರುವುದಿಲ್ಲ.

ಮಾಘ ಮಾಸ ನಮ್ಮ ಭಾಗದ ಹೋಟೆಲುಗಳಿಗೆ ದುಡಿಮೆಯ ಕಾಲ. ಮೈಲಾರದಲ್ಲಿ ಭರತ ಹುಣ್ಣಿಮೆ ಕಳೆದು ಕಾರಣಿಕ, ಬೆನ್ನಿಗೇ ಕೊಟ್ಟೂರಿನಲ್ಲಿ ಗುರುಬಸವೇಶ್ವರರ ರಥೋತ್ಸವ. ದೂರದೂರದಿಂದ ಪಾದಯಾತ್ರಿಗಳು ಬರುತ್ತಾರೆ, ರಾತ್ರಿಯಿಡೀ ಒಲೆ ಆರುವುದಿಲ್ಲ. ವರ್ಷದಲ್ಲಿ ಅತಿ ಹೆಚ್ಚು ತಟ್ಟೆ ತೊಳೆಯುವುದೂ, ಅತಿ ಹೆಚ್ಚು ಮೋರಿ ಕಟ್ಟುವುದೂ ಆ ದಿನಗಳಲ್ಲೇ. ಆಗ ಗಡಿಬಿಡಿಯಲ್ಲಿ ಆಳನ್ನು ಹುಡುಕುವ ಬದಲು, ಪುಷ್ಯ ಮುಗಿಯುವುದರೊಳಗೆ ತೊಟ್ಟಿ ಕಟ್ಟಿಸಿ. ಇದ್ದರೆ ಖಾಲಿ ಮಾಡಿಸಿ, ಪೈಪಿಗೆ ಹೊರಗಿನಿಂದ ಜೆಟ್ಟಿಂಗ್ ಮಾಡಿಸಿ. ಪಟ್ಟಣ ಪಂಚಾಯಿತಿಯ ಸದಸ್ಯರು ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ನೀರು, ದೀಪ, ರಸ್ತೆಯ ಜತೆ ಹೋಟೆಲುಗಳ ಜಿಡ್ಡಿನ ತೊಟ್ಟಿಯನ್ನೂ ಚರ್ಚೆಗೆ ತರಲಿ. ಗುಂಡಿ ತುಂಬಿದರೆ, ಮನುಷ್ಯರನ್ನು ಇಳಿಸುತ್ತಿರುವುದು ಕಂಡರೆ, ಕರೆ ಮಾಡಲು ರಾಷ್ಟ್ರೀಯ ಸಹಾಯವಾಣಿಯಿದೆ. ಸಂಖ್ಯೆ 14420. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಬರೆಸಿಡಿ.